ಆಯುಧಪೂಜೆಗೆ ಇಟ್ಟ ರೌಟರು

ಓದುಗ ಮಹನೀಯರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೆಳಗೆ ನಿವೇದಿಸಿರುವ ಸಂಗತಿ ನಡೆಯುವ ಮುನ್ನ ಇಂತಹ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ಬೇರೆಯವರು ಹೇಳಿದಾಗ ನಕ್ಕಿದ್ದೂ ಉಂಟು. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲವಾದ್ದರಿಂದ, ತಪ್ಪುಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೃಷ್ಣರಾಜಪೇಟೆಯ ಒಂದು ಸಂಸ್ಥೆಯ ಶಾಖೆಯಲ್ಲಿ ಹಂಗಾಮಿ ನೌಕರನಾಗಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳಲ್ಲಿಯೂ ಶಾಖೆಗಳಿದ್ದವು. ನಾಲ್ಕೂ ಕಡೆಯ ಕಂಪ್ಯೂಟರುಗಳನ್ನು ದೂರವಾಣಿ ತಂತಿಯ ಮೂಲಕ ಜೋಡಿಸಲು ರೌಟರು ಎಂಬ ಪೆಟ್ಟಿಗೆಗಳು ಬಂದವು. ನಮ್ಮ ಶಾಖೆಯ ಪೆಟ್ಟಿಗೆಯನ್ನು ಸಿದ್ಧಪಡಿಸುವ ಕೆಲಸವನ್ನು ನನಗೆ ವಹಿಸಲಾಯಿತು. ದಸರಾ ರಜೆ ಮುಗಿದ ದಿನವೇ ಮೇಲಧಿಕಾರಿಗಳ ತಪಾಸಣೆ. ನಾಲ್ಕೂ ಊರು ಕೂಡಿದರೆ ಮಾತ್ರ ನನ್ನನ್ನು ಕಾಯಂ ಮಾಡಲು ಶಿಫಾರಸು ಹೋಗುವುದೆಂದು ತಿಳಿಸಲಾಗಿತ್ತು.

ಕೆಲಸ ಕಲಿಸಿದವರು ಪಾಂಡವಪುರ ಶಾಖೆಯ ಶಿವಲಿಂಗಣ್ಣ. "ಟೈಪ್ ಮಾಡಿದ್ದು ಬಾಯ್ಮಾತು ಕಣ್ಲಾ, ಉಳ್ಸಿದ್ದೇ ಪತ್ರ. ಕರೆಂಟ್ ನಿಂತ್ರೆ ಬಾಯ್ಮಾತು ಗಾಳಿಗೋಯ್ತದೆ" ಎಂದು ಅವರು ಪದೇ ಪದೇ ಎಚ್ಚರಿಸಿದ್ದರು. ಕೊಟ್ಟ ಆದೇಶಗಳನ್ನು ಕೊನೆಯಲ್ಲಿ ಉಳಿಸದಿದ್ದಲ್ಲಿ, ವಿದ್ಯುತ್ ನಿಂತ ಕೂಡಲೇ ರೌಟರು ಅವೆಲ್ಲವನ್ನೂ ಮರೆಯುತ್ತದೆ. ಆದರೆ ತಪ್ಪಿರುವ ಪತ್ರಕ್ಕೆ ಮೊಹರು ಹಾಕಬಾರದೆಂಬುದು ಕಚೇರಿಯಲ್ಲಿ ನಾನು ಕಲಿತ ಅಭ್ಯಾಸ. ಉಳಿದ ಮೂರೂ ಊರು ಉತ್ತರಿಸಿದ ಮೇಲೆಯೇ ಉಳಿಸತಕ್ಕದ್ದೆಂದು ನಿಶ್ಚಯಿಸಿದ್ದೆ.

ಆಯುಧಪೂಜೆಯ ಬೆಳಗ್ಗೆ ಎರಡು ಊರುಗಳು ಉತ್ತರಿಸಿದವು. ನಾಗಮಂಗಲ ಉತ್ತರಿಸಲಿಲ್ಲ. ಮಧ್ಯಾಹ್ನದವರೆಗೆ ತಿಣುಕಿದೆ. ಅಷ್ಟರಲ್ಲಿ ನಮ್ಮ ದಫೇದಾರ್ ಚಿಕ್ಕಣ್ಣನವರು ಬೂದುಗುಂಬಳಕಾಯಿ ಹಿಡಿದು ಒಳಬಂದರು.

"ಅಬ್ಬದ್ ದಿನ್ವೂ ಟಕಟಕ ಅಂತ ಕುಟ್ತಾ ಕುಂತಿದ್ದೀಯಲ್ಲಪ್ಪಾ! ನಿಂಗಂತೂ ರಜ ಬ್ಯಾಡ, ಪಾಪ, ಅದ್ಕಾದ್ರೂ ಕೊಡು" ಎಂದವರೇ ರೌಟರಿನ ಸ್ವಿಚ್ಚು ಆರಿಸಿಬಿಟ್ಟರು.

ನಾನು ಇನ್ನೂ ಒಂದು ಸಾಲನ್ನೂ ಉಳಿಸಿರಲಿಲ್ಲ. ರೌಟರನ್ನು ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿದರು. ಪೂಜೆಗಿಟ್ಟ ಆಯುಧವನ್ನು ರಜೆ ಮುಗಿಯುವವರೆಗೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಆದಾಗ್ಯೂ ಬೇರೆ ಯಾರಾದರೂ ಚಾಲೂ ಮಾಡಿಯಾರೆಂಬ ಅಂಜಿಕೆಯಿಂದ ಅದರ ವಿದ್ಯುತ್ ತಂತಿಯನ್ನು ಬಿಚ್ಚಿ ನನ್ನ ಚೀಲದಲ್ಲಿಟ್ಟು ಮನೆಗೆ ಒಯ್ದೆ. ಎರಡು ದಿನ ಆಗಾಗ್ಗೆ ಚೀಲಕ್ಕೆ ಕೈಹಾಕಿ ತಂತಿ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದೆ.

ತಪಾಸಣೆಯ ದಿನ ಎಲ್ಲರಿಗಿಂತ ಮೊದಲು ಹೋಗಿ, ಬಾಡಿದ ಹೂ ತೆಗೆದು, ತಂತಿ ಸಿಕ್ಕಿಸಿದೆ. ಎಲ್ಲವನ್ನೂ ಪುನಃ ಬರೆಯಲು ಟಿಪ್ಪಣಿ ಪುಸ್ತಕ ತೆರೆದೆ. ಬರೆಯುವ ಅವಶ್ಯಕತೆ ಇರಲಿಲ್ಲ. ನಾನು ಉಳಿಸದ ಸಾಲುಗಳೆಲ್ಲವೂ ಪರದೆಯ ಮೇಲಿದ್ದವು. ನಾಗಮಂಗಲವನ್ನು ಕರೆದೆ, ಉತ್ತರ ಬಂತು.

ಪುಸ್ತಕದೊಂದಿಗೆ ಸಾಲು ಸಾಲಾಗಿ ಹೋಲಿಸಿದೆ. ನಾಗಮಂಗಲದ ರೌಟರಿನ ಸಂಖ್ಯಾವಿಳಾಸದ ಒಂದು ಅಂಕಿಯನ್ನು ನಾನು ಮೂರು ಎಂದು ಬರೆದುಕೊಂಡು ಹಾಗೆಯೇ ಟೈಪಿಸಿದ್ದೆ. ಪರದೆಯಲ್ಲಿ ನಾಲ್ಕು ಇತ್ತು. ನಾಲ್ಕೇ ಸರಿ.

ತಕ್ಷಣ ಶಿವಲಿಂಗಣ್ಣನವರಿಗೆ ದೂರವಾಣಿ ಮಾಡಿ ನಡೆದದ್ದನ್ನೆಲ್ಲ ತಿಳಿಸಿದೆ. "ನೀವೇನಾದರೂ ತಿದ್ದಿದಿರಾ ಅಣ್ಣಾ?"

"ನಾನು ಅಬ್ಬಕ್ಕೆ ಸಂತೆಬಾಚಹಳ್ಳಿ ಅತ್ತೆ ಮನೇಲಿ ಒಬ್ಬಟ್ಟು ತಿನ್ಕಂಡಿದ್ದೆ ಕಣ್ಲಾ! ಕರೆಂಟೇ ಇಲ್ದಿರೋ ಡಬ್ಬನ ಯಾವನ್ಲಾ ತಿದ್ದಕ್ಕಾಯ್ತದೆ? ನೀನೇ ಉಳ್ಸಿ ಮರ್ತಿದ್ದೀಯ ಬುಡು" ಎಂದು ನಕ್ಕರು.

ಉಳಿಸಿ ಮರೆತಿರಬಹುದು ಎಂದೇ ಒಪ್ಪೋಣ. ಆದರೆ ತಪ್ಪೆಂದೇ ನನಗೆ ತಿಳಿಯದಿದ್ದ ಅಂಕಿಯನ್ನು ನಾನು ತಿದ್ದಿದ್ದು ಹೇಗೆ?

ಹನ್ನೊಂದು ಗಂಟೆಗೆ ಮೇಲಧಿಕಾರಿಗಳು ಬಂದರು. ನಾಲ್ಕೂ ಊರು ಕೂಡಿದ್ದನ್ನು ಕಂಡು, "ಇದನ್ನೆಲ್ಲ ನೀವೊಬ್ಬರೇ ಮಾಡಿದ್ದಾ?" ಎಂದು ವಿಚಾರಿಸಿದರು. ನಾನು "ಹೌದು ಸಾರ್" ಎಂದೆ.

ಕೆಲವು ತಿಂಗಳ ತರುವಾಯ ಕಾಯಂ ಆದೇಶ ಬಂತು. ಸ್ವೀಕೃತಿಗೆ ಸಹಿ ಮಾಡಿದೆ. ಸದರಿ ಪತ್ರ ತಪ್ಪಿ ನನಗೆ ಬಂದಿದೆ ಎಂದು ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತಿದೆ. ಹಿಂದಿರುಗಿಸೋಣವೆಂದರೆ, ಯಾರ ವಿಳಾಸಕ್ಕೆ ಎಂಬುದು ಈವರೆಗೂ ತಿಳಿದುಬಂದಿಲ್ಲ.