ಕಡಲಿಗೆ ಒಯ್ದ ಜೋಳದ ಹಿಟ್ಟು

ನನ್ನ ಹೆಂಡತಿಗೆ ಗೋಧಿ ಆಗುವುದಿಲ್ಲ. ಒಂದು ಚಿಟಿಕೆ ಹೊಟ್ಟೆಗೆ ಹೋದರೂ ವಾಂತಿ, ಹೊಟ್ಟೆನೋವು, ಒಂದೆರಡು ದಿನ ಹಾಸಿಗೆ. ಗದಗಿನ ಡಾಕ್ಟರು ಇದನ್ನು ಹೇಳಿದಾಗ ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಜೋಳದ ರೊಟ್ಟಿ ತಿನ್ನುವವರಿಗೆ ಗೋಧಿ ಬಿಡುವುದೇನು ದೊಡ್ಡದು? ಕಟ್ಟುನಿಟ್ಟೆಲ್ಲ ಬೀಸಿಸುವುದರಲ್ಲಿ. ಓಣಿಯ ಗಿರಣಿಯಲ್ಲಿ ಎಲ್ಲ ಕಾಳಿಗೂ ಒಂದೇ ಕಲ್ಲು. ಕಲ್ಲಿಗಂಟಿದ ಗೋಧಿ ಹೋಗಲೆಂದು ಮೊದಲು ಒಂದು ಬೊಗಸೆ ಜೋಳ ಬೀಸಿಸಿ, ಆ ಹಿಟ್ಟನ್ನು ದನಕ್ಕೆ ಹಾಕಿ, ಆಮೇಲೆ ನಮ್ಮ ಜೋಳ ಸುರಿಸಬೇಕು.

ಹೋದ ವರ್ಷ ಅವಳ ತಮ್ಮ ಕಾರವಾರದಿಂದ ಫೋನ್ ಮಾಡಿದ. ಹಡಗಿನ ನೌಕರಿ ಮುಗಿಸಿ ಸಣ್ಣದೊಂದು ಹಾಯಿದೋಣಿ ಕೊಂಡಿದ್ದ. “ಅಕ್ಕಾ, ಭಾವಾರನ್ನ ಕರಕೊಂಡು ಬಾ. ಹೊನ್ನಾವರತನಕ ಹೋಗಿ ಬರೂಣು.”

ಅಲ್ಲಿ ಜೋಳದ ಹಿಟ್ಟು ಸಿಗಲಿಕ್ಕಿಲ್ಲವೆಂದು ಹೆಂಡತಿ ಜೋಳ ಹಸನು ಮಾಡಿ ನನ್ನ ಕೈಗೆ ಕೊಟ್ಟಳು. ಚಹಾದಂಗಡಿಯ ಹರಟೆ ಮುಗಿಸಿ ನಾನು ಗಿರಣಿಗೆ ಹೋದಾಗ ಯಾರದೋ ಗೋಧಿ ಆಗಷ್ಟೇ ಬೀಸಿ ಮುಗಿದಿತ್ತು. “ಕಲ್ಲು ಸ್ವಚ್ಛ ಮಾಡ್ಲೇನ್ರಿ?” ಎಂದ ಗಿರಣಿಯವನು. “ಇರ್ಲಿ ಬಿಡೋ, ಜಲ್ದಿ ಹಾಕು” ಎಂದೆ. ಮನೆಯಲ್ಲಿ ಅವಳು ಕೇಳಿದಾಗ, ಸ್ವಚ್ಛ ಮಾಡಿಸಿದೆ ಎಂದು ಸುಳ್ಳು ಹೇಳಿದೆ.

ದೋಣಿಯಲ್ಲಿ ಮೊದಲ ಸಂಜೆ ಒಲೆ ಅತ್ತಿತ್ತ ತೂಗುತ್ತಿತ್ತು. ಹೆಂಡತಿ ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ದೋಣಿಯ ಮೀನುಗಾರ ಕೂಗಿ ಕೇಳಿದ: “ಎಂತ ಬಡೀತ್ರಿ? ದೋಣಿ ಒಡೀತಾ?”

“ಇಲ್ಲೋ ಮಾರಾಯ, ಊಟ ತಯಾರ ಆಗಾಕತ್ತೈತಿ!” ಎಂದ ಅವಳ ತಮ್ಮ.

ಮರುದಿನ ಮುಂಜಾನೆ ಅವಳು ವಾಂತಿ ಮಾಡಿಕೊಂಡಳು. “ಕಡಲಾಗ ಎಲ್ಲಾರಿಗೂ ಹಿಂಗ ಆಗತೈತಿ ಅಕ್ಕಾ” ಎಂದ ತಮ್ಮ. ನಾನೂ ಹೌದೆಂದು ತಲೆಯಾಡಿಸಿದೆ. ನನಗೆ ಗೊತ್ತಿತ್ತು. ಆದರೂ ದಿನವಿಡೀ ಸುಮ್ಮನಿದ್ದೆ. ಸಂಜೆ ಅವಳು ಎದ್ದು ಕೂತು, “ಒಂದು ರೊಟ್ಟಿ ತಿಂದ್ರ ಆರಾಮ ಆಗತೈತಿ” ಎಂದು ಅದೇ ಹಿಟ್ಟಿಗೆ ಬಿಸಿನೀರು ಸುರಿಯಹೋದಳು. ನಾನು ಅವಳ ಕೈ ಹಿಡಿದೆ.

“ಬ್ಯಾಡ. ಗೋಧಿ ಬೀಸಿದ ಮ್ಯಾಲೆ ಹಾಕ್ಸೀನಿ. ಕಲ್ಲು ಸ್ವಚ್ಛ ಮಾಡ್ಸಿಲ್ಲ ನಾ.”

ಅವಳು ನನ್ನನ್ನೇ ನೋಡಿದಳು. “ಮುಂಜಾನಿಂದ ಕಡಲಿಗೆ ಬೈದೆನಲ್ರಿ! ಪಾಪ, ಅದೇನ್ ಮಾಡಿತ್ತು?”

ತಮ್ಮ ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು. “ನೀವು ನಗಬ್ಯಾಡ್ರಿ!” ಎಂದಳು.

ಮರುದಿನ ಗೋಕರ್ಣದ ಹತ್ತಿರ ಇಳಿದೆವು. ಅಕ್ಕಿ ಹಿಟ್ಟು ಎಲ್ಲಿ ಬೀಸಿದ್ದು, ಅಲ್ಲಿ ಗೋಧಿ ಬೀಸುತ್ತಾರೋ ಎಂದು ಅಂಗಡಿಯವನನ್ನು ಕೇಳಿದೆ. “ಹಿಟ್ಟು ಬೇಕಾ, ಅದ್ರ ಜಾತಕ ಬೇಕಾ?” ಎಂದು ಗದರಿದ. ಹಿಟ್ಟು ಬಿಟ್ಟು ಅಕ್ಕಿಯನ್ನೇ ಕೊಂಡು, ನೆನೆಸಿ, ದಂಡೆಯ ಮೇಲಿನ ಮನೆಯೊಂದರಲ್ಲಿ ಬೇಡಿಕೊಂಡು ಅವರ ಒರಳಿನಲ್ಲಿ ನಾನೇ ರುಬ್ಬಿದೆ. ಜೀವಮಾನದಲ್ಲಿ ಮೊದಲ ಸಲ. ದೋಣಿಗೆ ಬಂದು ತೆಳ್ಳಗೆ ದೋಸೆ ಹೊಯ್ದೆ. ಮೂರು ಹೆಂಚಿಗೇ ಅಂಟಿದವು, ನಾಲ್ಕನೆಯದು ಎದ್ದಿತು. ತಟ್ಟೆಗೆ ಹಾಕಿ ಅವಳ ಮುಂದಿಟ್ಟೆ.

“ಒರಳು ತೊಳದಿದ್ರಿಲ್ಲ?”

“ಮೂರು ಸಲ.”

“ಹೆಂಚು?”

“ಬೂದಿ ಹಾಕಿ ತಿಕ್ಕೀನಿ.”

“ಖರೆ?”

“ಖರೆ.”

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು.