ಬೇಯಿಸಿದ ಹಕ್ಕರಿಕೆ

ಮೊನ್ನೆ ದಾವಣಗೆರೆಯ ದೊಡ್ಡ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಲೆಟ್ಯೂಸ್ ಎಲೆಗಳನ್ನು ಇಟ್ಟಿದ್ದರು. ಮೇಲೆ ಸಲಾಡ್ ಸೊಪ್ಪು ಎಂದು ಚೀಟಿ ಅಂಟಿಸಿದ್ದರು. ನಾನು ಡಬ್ಬಿಯನ್ನು ತಿರುಗಿಸಿ ನೋಡುತ್ತಿದ್ದಾಗ ಅಂಗಡಿಯ ಹುಡುಗಿ, 'ಇದನ್ನ ಬೇಯಿಸಬಾರದು ಮೇಡಂ, ಹಸೀದೇ ತಿನ್ನಬೇಕು' ಎಂದು ತಿಳಿಹೇಳಿದಳು. ಹರಪನಹಳ್ಳಿಯವಳಿಗೆ ಹಸಿ ಸೊಪ್ಪು ತಿನ್ನುವುದನ್ನು ಕಲಿಸಲು ಬಂದಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಆದರೆ ಬಾಯಿ ತೆರೆದರೆ ಅಲ್ಲೇ ಅತ್ತುಬಿಡುತ್ತೇನೆ ಅನ್ನಿಸಿ ಡಬ್ಬಿ ಇಟ್ಟು ಹೊರಗೆ ಬಂದೆ.

ಹಸಿ ಸೊಪ್ಪಿನ ಬಗ್ಗೆ ಯಾರಿಗಾದರೂ ಹೇಳಿಕೊಡಬೇಕಾಗಿದ್ದವಳು ನನ್ನ ತಂಗಿ. ಹೊಳಲಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ರೊಟ್ಟಿಯ ಪಕ್ಕದಲ್ಲಿ ಏನಾದರೊಂದು ಹಸಿ ಸೊಪ್ಪು, ನಮ್ಮ ಕಡೆಯ ಮಾತಿನಲ್ಲಿ ತಪ್ಪಲ, ಇಲ್ಲದಿದ್ದರೆ ಅವಳಿಗೆ ಊಟವೇ ಸೇರುತ್ತಿರಲಿಲ್ಲ. 'ನೀನು ಹಿಂದಿನ ಜನ್ಮದಾಗ ಆಡಾಗಿದ್ದೆ ನೋಡು' ಎಂದು ನಾನು ಆಡಿಕೊಂಡರೆ, 'ಈ ಜನ್ಮದಾಗೂ ಅದೇ ಅದೀನಿ, ಮೇವು ಹಾಕು' ಎನ್ನುತ್ತಿದ್ದಳು.

ಮೆಂತ್ಯೆಯನ್ನು ಗೇಣುದ್ದ ಬೆಳೆದ ಮೇಲೆ ಕೊಳ್ಳುವವರು ಅವಳ ಪಾಲಿಗೆ ದಡ್ಡರು. ಬೇರಿನಲ್ಲಿ ಇನ್ನೂ ಮಣ್ಣಿರುವ ಎಳೆಯ ಮೆಂತ್ಯೆಯನ್ನೇ ತರಬೇಕು. ಅದನ್ನು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ನೆನೆಸಿದ ಹೆಸರುಕಾಳು, ಶೇಂಗಾ ಪುಡಿ ಹಾಕಿ, ಮೇಲೆ ಹಸಿ ಎಣ್ಣೆ ಬಿಟ್ಟು ಕಲಸಿದರೆ ಪಚಡಿ. ಉಪ್ಪನ್ನು ಉಣ್ಣುವ ಹೊತ್ತಿಗೇ ಹಾಕಬೇಕು, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಮೂಲಂಗಿಯ ಸೊಪ್ಪು ಎಳೆಯದಿದ್ದರೆ ಮಾತ್ರ, ಬಲಿತದ್ದು ನಾಲಿಗೆಗೆ ಚುಚ್ಚುತ್ತದೆ. ಸಬ್ಬಸಿಗೆ ಒಂದು ಚಿಟಿಕೆ ಸಾಕು, ಹೆಚ್ಚಾದರೆ ಬೇರೆ ಯಾವ ಸೊಪ್ಪಿನ ರುಚಿಯನ್ನೂ ಉಳಿಸುವುದಿಲ್ಲ. ಕಡಲೆಯ ಕುಡಿಯನ್ನು ಹೊಲದಲ್ಲೇ ಚಿವುಟಿ ಬಾಯಿಗೆ ಹಾಕಿಕೊಳ್ಳಬೇಕು. ಅದರ ಹುಳಿ ಎಲೆಯ ಮೇಲೆಯೇ ಇರುತ್ತದೆ, ತೊಳೆದರೆ ಹೋಗುತ್ತದೆ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ತೊಳೆಯದ ಎಲೆಯನ್ನು ಬಾಯಿಗೆ ಹಾಕುವುದು ನನ್ನಿಂದ ಆಗದ ಕೆಲಸ. ತೊಳೆದ ಕಡಲೆ ಸೊಪ್ಪನ್ನು ನಾನು ತಿನ್ನುತ್ತಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಎಲ್ಲಕ್ಕಿಂತ ಅವಳಿಗೆ ಹಕ್ಕರಿಕೆ ಎಂದರೆ ಪ್ರಾಣ. ಜೋಳದ ಹೊಲದಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುವ, ಅಂಚು ಕಚ್ಚುಕಚ್ಚಾದ ಉದ್ದನೆಯ ಎಲೆ ಅದು. ಆ ಡಬ್ಬಿಯ ಲೆಟ್ಯೂಸಿಗೆ ಹಳ್ಳಿಯ ನೆಂಟ ಎನ್ನಬಹುದು. ಬಿಸಿ ರೊಟ್ಟಿ, ಕೆಂಪು ಖಾರ, ಒಂದು ಹಿಡಿ ಹಕ್ಕರಿಕೆ. ಚಾಕು ಮುಟ್ಟಿಸಬಾರದು, ಕೈಯಲ್ಲೇ ಮುರಿಯಬೇಕು. ಚಳಿಗಾಲ ಬಂದರೆ ಅವಳ ಗಂಡ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಗಂಟು ಕಳಿಸುತ್ತಿದ್ದ. ನಾನು ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಇಳಿಸಿಕೊಳ್ಳುತ್ತಿದ್ದೆ.

ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಮುಂಗಾರು ಇನ್ನೂ ಮುಗಿದಿರಲಿಲ್ಲ. ಚಿಕಿತ್ಸೆ ದಾವಣಗೆರೆಯಲ್ಲಿ. ಹಳ್ಳಿಯಿಂದ ಓಡಾಡುವುದು ಕಷ್ಟವೆಂದು ನಾನೇ ಹಟ ಮಾಡಿ ಹರಪನಹಳ್ಳಿಯ ನಮ್ಮ ಮನೆಗೆ ಕರೆತಂದೆ. ಹೊಲ, ದನ ಬಿಟ್ಟು ಬರಲಾಗದ ಗಂಡ ಭಾನುವಾರ ಭಾನುವಾರ ಬಂದು ಹೋಗುತ್ತಿದ್ದ. ಔಷಧಿಗೆ ರಕ್ತದ ಬಿಳಿ ಕಣಗಳು ಇಳಿಯುತ್ತವೆ, ಅವು ಏರುವ ತನಕ ಹಸಿ ತರಕಾರಿ, ಹಸಿ ಸೊಪ್ಪು ಬೇಡವೇ ಬೇಡ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ಆ ಮಾತನ್ನು ಕಟ್ಟುನಿಟ್ಟಾಗಿ ಹಿಡಿದುಕೊಂಡೆ. ಈ ಚಳಿಗಾಲ ಬಸ್ಸಿನ ಗಂಟು ಬೇಡವೆಂದು ಅವಳ ಗಂಡನಿಗೆ ಮೊದಲೇ ಹೇಳಿದೆ.

'ಅಕ್ಕಾ, ಒಂದು ಎಸಳು ಕೊಡ. ಬಿಸಿನೀರಾಗ ತೊಳದು ಕೊಡು ಬೇಕಾದ್ರ.'

'ಒಂದು ಎಸಳೂ ಇಲ್ಲ. ರಕ್ತ ಏರಲಿ, ಹೊಲದಾಗಿನ ಒಂದು ಮಡಿ ತಪ್ಪಲ ತಂದು ಮುಂದ ಸುರೀತೀನಿ.'

'ನರ್ಸಮ್ಮ ಅಲ್ಲ ನೀನು, ಜೈಲರು' ಎಂದು ಮುಖ ತಿರುಗಿಸುತ್ತಿದ್ದಳು. ನಾನು ಮೆಂತ್ಯೆ ಬೇಯಿಸಿದೆ, ಮೂಲಂಗಿ ಸೊಪ್ಪು ಬೇಯಿಸಿದೆ, ಪಾಲಕ್ ಬೇಯಿಸಿ ಬೇಯಿಸಿ ಮನೆಯಲ್ಲಿ ಎಲ್ಲರ ಬಾಯಿ ಕೆಡಿಸಿದೆ. ಗೆದ್ದೇ ಗೆಲ್ಲುತ್ತೇವೆ ಎಂದು ಆಗ ನಂಬಿದ್ದೆ.

ದೀಪಾವಳಿ ಮುಗಿದ ಮೇಲೆ ಒಂದು ದಿನ ವರದಿ ತೋರಿಸಲು ಒಬ್ಬಳೇ ಹೋದೆ. ಡಾಕ್ಟರು ಕಾಗದಗಳನ್ನು ನೋಡಿ ಮಡಿಚಿ ನನ್ನ ಕೈಗೇ ಕೊಟ್ಟರು. 'ಇನ್ನು ಔಷಧಿ ಬೇಡ ಸಿಸ್ಟರ್. ಅವರು ಏನು ಇಷ್ಟಪಡ್ತಾರೋ ಕೊಡಿ' ಎಂದರು. ಈ ಮಾತನ್ನು ನಾನೇ ವಾರ್ಡಿನಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೇನೆ. ಕೇಳಿಸಿಕೊಳ್ಳುವವರಿಗೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ವಾಪಸು ಬಂದು ಬಸ್ಸಿಳಿದಾಗ ಒಬ್ಬ ಮುದುಕಿ ಚೀಲ ಹಾಸಿ ಹಕ್ಕರಿಕೆ ಕಟ್ಟುಗಳನ್ನು ಇಟ್ಟುಕೊಂಡು ಕೂತಿದ್ದಳು. ಆ ವರ್ಷದ ಮೊದಲ ಹಕ್ಕರಿಕೆ. ಎರಡು ಕಟ್ಟು ಕೊಂಡೆ. ಇವತ್ತು ಅವಳಿಗೆ ಹೊಟ್ಟೆ ತುಂಬ ಹಸಿಯದನ್ನೇ ಕೊಡುತ್ತೇನೆ ಎಂದುಕೊಂಡೇ ಮನೆಯವರೆಗೆ ನಡೆದೆ.

ಅವಳು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ನನ್ನ ಕೈಚೀಲದಿಂದ ಇಣುಕುತ್ತಿದ್ದ ಎಲೆಗಳನ್ನು ನೋಡಿದಳು. ನಗಲಿಲ್ಲ.

'ಡಾಕ್ಟ್ರು ಏನಂದ್ರು ಅಕ್ಕಾ? ಹಸೀ ತಪ್ಪಲ ತಿನ್ನಬೌದಂತಾ?'

ಹೌದು ಎಂದರೆ ಆಮೇಲೆ ಯಾಕೆ ಎಂದು ಕೇಳುತ್ತಾಳೆ. ರಕ್ತ ಏರಿದೆಯಾ ಎಂದು ಕೇಳುತ್ತಾಳೆ. ನನ್ನ ಮುಖ ಅವಳಿಗೆ ಚಿಕ್ಕಂದಿನಿಂದ ಗೊತ್ತು.

'ಇಲ್ಲ' ಎಂದೆ. 'ಇನ್ನೂ ರಕ್ತ ಏರಬೇಕಂತ. ಬೇಯಿಸಿ ಹಾಕ್ತೀನಿ.'

ಅವಳು ಉಸಿರು ಬಿಟ್ಟಳು. ನಿರಾಸೆಯಿಂದ ಎಂದು ತಿಳಿದೆ. ಒಳಗೆ ಹೋಗಿ, ಚಾಕು ಮುಟ್ಟಿಸಬಾರದ ಹಕ್ಕರಿಕೆಯನ್ನು ಹೆಚ್ಚಿ, ಬೇಳೆ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಎಲೆಗಳೆಲ್ಲ ಕುಗ್ಗಿ ಕಪ್ಪಾದವು. 'ಹಕ್ಕರಿಕೀನ ಹಿಂಗ ಕುದಿಸ್ತಾರೇನ ಅಕ್ಕಾ, ನಿನ್ನ ನರ್ಸ್ ಕೆಲಸಕ್ಕ ಬೆಂಕಿ ಹಾಕ' ಎಂದು ಬೈಯುತ್ತಲೇ ಅವಳು ಒಂದು ರೊಟ್ಟಿ ಪೂರ್ತಿ ತಿಂದಳು. ಅಷ್ಟು ತಿಂದು ಬಹಳ ದಿನವಾಗಿತ್ತು. ಆಮೇಲೂ ದಿನ ಬಿಟ್ಟು ದಿನ ಅದನ್ನೇ ಮಾಡಿದೆ. ನಿಜ ಹೇಳಲು ನಾಳೆ, ನಾಡಿದ್ದು ಎನ್ನುತ್ತಾ ಹೋದೆ. ಅವಳ ಗಂಡನಿಗೂ ಹೇಳಲಿಲ್ಲ. ಅವನ ಮುಖ ಯಾವ ಮಾತನ್ನೂ ಬಚ್ಚಿಡುವುದಿಲ್ಲ, ಭಾನುವಾರ ಬಂದವನನ್ನು ನೋಡಿಯೇ ಅವಳು ತಿಳಿದುಕೊಳ್ಳುತ್ತಿದ್ದಳು.

ಒಂದು ಬುಧವಾರ ಬೆಳಿಗ್ಗೆ ಅವಳು ಹೋದಳು. ಅವನು ಬಸ್ಸು ಹಿಡಿದು ಬರುವಷ್ಟರಲ್ಲಿ ಕೈ ತಣ್ಣಗಾಗಿತ್ತು.

ತಿಂಗಳಾದ ಮೇಲೆ ಅವನು ನಮ್ಮ ಮನೆಗೆ ಬಂದ. ಒದ್ದೆ ಬಟ್ಟೆಯ ಗಂಟನ್ನು ಈ ಸಲ ತಾನೇ ಹೊತ್ತು ತಂದಿದ್ದ. ಬಿಚ್ಚಿದರೆ ಹಕ್ಕರಿಕೆ, ಎಳೆಯದು, ಬೇರಿನಲ್ಲಿ ಮಣ್ಣಿತ್ತು.

'ಆಕೀನ ಫೋನಿನಾಗ ಹೇಳಿ ಹಾಕಿಸಿದ್ಲು ಅಕ್ಕಾರ, ಬೋರಿನ ಕಾಲಿವಿ ಬಾಜೂಕ ಒಂದು ಮಡಿ. ದಾವಣಗೆರ್‍ಯಾಗ ಪಕ್ಕದ ಮಂಚದಾಗ ಒಬ್ಬಾಕಿ ಇದ್ಲಂತ. ಡಾಕ್ಟ್ರು ಆಕೀಗೆ ಏನು ಬೇಕಾದ್ರೂ ಕೊಡ್ರಿ ಅಂದ್ರಂತ, ವಾರದಾಗ ಮಂಚ ಖಾಲಿ ಆತಂತ. ನಮ್ಮಾಕಿ ಹೇಳ್ತಿದ್ಲು, ನಮ್ಮಕ್ಕ ನನಗ ಇನ್ನೂ ಒಂದು ಎಸಳು ಕೊಡವಲ್ಲಳು, ಅಂದ್ರ ನಾ ಉಳೀತೀನಿ, ನೀ ತಪ್ಪಲ ಹಾಕಿಡು ಅಂತ.'

ಅವತ್ತು ಅವಳು ಬಿಟ್ಟ ಉಸಿರು ಏನೆಂದು ಆಗ ತಿಳಿಯಿತು. ಹೊಸ್ತಿಲ ಮೇಲೆ ಕೂತೆ. ದೀಪಾವಳಿಯ ನಂತರದ ಆ ದಿನ ಡಾಕ್ಟರು ಹೇಳಿದ್ದನ್ನು ಅವನಿಗೆ ಹೇಳಿಬಿಟ್ಟೆ. ಅವನು ಗಂಟಿನ ಒದ್ದೆ ಬಟ್ಟೆಯನ್ನು ಮಡಿಚತೊಡಗಿದ. ಬೈದಿದ್ದರೆ ಒಳ್ಳೆಯದಿತ್ತು.

'ನನಗರ ಹೇಳಬೇಕಿತ್ತು ಅಕ್ಕಾರ' ಎಂದ. 'ಹೊಲ ಹಾಳಾಗಿ ಹೋಗ್ಲಿ, ಬಂದು ಆಕಿ ಬಾಜೂಕ ಕುಂದರತಿದ್ನಿ. ಉಳೀತಾಳ ಅಂತ ನಾನು ಮಡೀಗೆ ನೀರು ಕಟ್ಟಿಕೋತ ನಿಂತೆ.'

ಅವಳಿಗೆ ನಿಜ ಹೇಳದೆ ಉಳಿಸಿಕೊಟ್ಟ ಆಸೆಗಾಗಿ, ಅವಳ ಪಕ್ಕದಲ್ಲಿ ಕೂರಬಹುದಾಗಿದ್ದ ಇವನ ದಿನಗಳನ್ನು ನಾನು ಕಿತ್ತುಕೊಂಡಿದ್ದೆ. ಅದಕ್ಕೆ ಕ್ಷಮೆ ಕೇಳುವ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ. ಎದ್ದು ಹಕ್ಕರಿಕೆ ತೊಳೆದೆ. ಎಲೆಗಳನ್ನು ಕೈಯಲ್ಲೇ ಮುರಿದು, ಅವಳು ಹೇಳುತ್ತಿದ್ದ ಹಾಗೆಯೇ ತಟ್ಟೆಯಲ್ಲಿ ರೊಟ್ಟಿಯ ಪಕ್ಕ ಇಟ್ಟು, ಖಾರ ಹಾಕಿ ಅವನ ಮುಂದಿಟ್ಟೆ.

ಅವನು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.

'ಹಸೀದು ಬ್ಯಾಡ ಅಕ್ಕಾರ. ಆಕಿ ಕಡೀಕ ಹೆಂಗ ಉಂಡಳೋ, ಹಂಗ ಬೇಯಿಸಿ ಹಾಕ್ರಿ.'

ನಾನು ಒಳಗೆ ಹೋಗಿ ಒಲೆ ಹಚ್ಚಿ ಬೇಳೆ ಇಟ್ಟೆ.