ಧೂಳಪ್ಪನ ಗೋಡೆ ಗಡಿಯಾರ

ನಮ್ಮ ತಿಕೋಟಾದ ಓಣಿಯಲ್ಲಿ ಗಡಿಯಾರದ ಹುಚ್ಚ ಅಂದ್ರೆ ಧೂಳಪ್ಪ ನೋಡ್ರಿ. ಮಾವ ಕೊಟ್ಟ ಗೋಡೆ ಗಡಿಯಾರಕ್ಕೆ ಕೋಳಿಪುಕ್ಕದಿಂದ ಎಣ್ಣೆ ಬಿಡುತ್ತಾನೆ, ಕಿವಿ ಹಚ್ಚಿ ಅದರ ಬಡಿತ ಕೇಳುತ್ತಾನೆ, ಆಗ ಯಾರಾದರೂ ಕೆಮ್ಮಿದರೆ ಗದರುತ್ತಾನೆ. "ನನಗ ಜ್ವರ ಬಂದಾಗ ಹಿಂಗ ನಾಡಿ ನೋಡಿದ್ರ ಸಾಕಿತ್ತು" ಎಂದು ಹೆಂಡತಿ ಸಾವಂತ್ರವ್ವ ಚುಚ್ಚುತ್ತಾಳೆ. ಬರ ಕಳೆದು ಈ ಜಡಿಮಳೆ ಹಿಡಿದಾಗಿನಿಂದ ಅದರ ತೂಗುಗುಂಡು ಮುಂದಿನ ಗಾಜಿಗೆ ತಾಗಿ ನಿಲ್ಲುತ್ತಿದೆ. ನೆಟ್ಟಗಾಗಲೆಂದು ಗಡಿಯಾರದ ಬುಡಕ್ಕೂ ಮಣ್ಣಿನ ಗೋಡೆಗೂ ನಡುವೆ ಧೂಳಪ್ಪ ಮೊದಲು ಮಡಚಿದ ಕಾಗದ ಸಿಗಿಸಿದ, ಆಮೇಲೆ ಕಡ್ಡಿಪೆಟ್ಟಿಗೆ, ಈಗ ಕಟ್ಟಿಗೆಯ ತುಂಡು. "ಎಷ್ಟು ಸೊಟ್ಟ ಆತೋ ನಿನ್ನ ಗಡಿಯಾರ!" ಎಂದು ನಾನು ನಕ್ಕೆ. ಅವನು ನಗಲಿಲ್ಲ. "ಗಡಿಯಾರ ನೆಟ್ಟಗೈತಿ. ಗೋಡಿ ಒಳಗ ವಾಲಾಕತ್ತೈತಿ" ಎಂದು ಪಿಸುಗುಟ್ಟಿದ. ಹೋಗಲು ಬೇರೆ ಮನೆಯಿಲ್ಲ, ಒಳಗೆ ಬಾಣಂತಿ ಮಗಳಿದ್ದಾಳೆ. ತೊಟ್ಟಿಲನ್ನು ಆಗಲೇ ಬಾಗಿಲ ಹತ್ತಿರಕ್ಕೆ ಸರಿಸಿದ್ದಾನೆ. ಗೋಡೆಯ ಸುದ್ದಿ ಎತ್ತದೆ ಅವಳಿಗೆ ದಿನಾ ಒಂದೇ ಮಾತು ಹೇಳುತ್ತಾನೆ: "ಬೋರವ್ವಾ, ಗಡಿಯಾರ ನಿಂತಿತಂದ್ರ ಕೂಸನ್ನ ಎತ್ಕೊಂಡು ಅಂಗಳಕ್ಕ ಓಡಬೇಕವ್ವಾ, ಯಾಕಂತ ಕೇಳಬ್ಯಾಡ."